ಕಾಲರ್ ಬಂದಾಗ ಹೋಗುವ ಇಂಟರ್ನೆಟ್

ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಟೈಲರಕ್ಕ ಎತ್ತಿದ ಕೈ. ಬೀದಿಯವರು ಅವಳ ನಿಜವಾದ ಹೆಸರನ್ನು ಮರೆತು ಎಷ್ಟೋ ಕಾಲವಾಗಿತ್ತು. ಕರೆಂಟ್ ಬಿಲ್ ತರುವವನೂ ಬಾಗಿಲಲ್ಲಿ ನಿಂತು ‘ಟೈಲರಕ್ಕಾ’ ಎಂದೇ ಕೂಗುತ್ತಿದ್ದ. ಅಂಥವಳು ಈಗ ಒಂದು ಕಂಪ್ಯೂಟರಿನ ಮುಂದೆ ಕೂತು, ಕಾಲರಿನ ಮಾತು ಬಂದಾಗಲೆಲ್ಲ ಮಾನ ಕಳೆದುಕೊಳ್ಳುತ್ತಿದ್ದಳು.

ಆದದ್ದಿಷ್ಟು. ರಸ್ತೆ ಅಗಲ ಮಾಡುವಾಗ ಅವಳ ಅಂಗಡಿ ಹೋಯಿತು. ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಷಿನ್ ಮನೆಗೆ ಬಂದು ಕಿಟಕಿಯ ಪಕ್ಕ ಕೂತಿತು. ಅದರ ಹಿಂದೆಯೇ, ತರಬೇತಿ ಕೇಂದ್ರವೊಂದು ದೂರದೂರದ ಹೆಂಗಸರಿಗೆ ಕಂಪ್ಯೂಟರಿನಲ್ಲೇ ಹೊಲಿಗೆ ಪಾಠ ಹೇಳುವವರನ್ನು ಹುಡುಕುತ್ತಿದೆ ಎಂಬ ಸುದ್ದಿ ಬಂತು. ಅವಳ ತಮ್ಮ ಓಡಾಡಿ, ಮುಚ್ಚಿಹೋದ ಆಫೀಸೊಂದರಿಂದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನೂ ಅದರ ಮೇಜನ್ನೂ ತಂದ. ಎರಡಕ್ಕೂ ಜಾಗ ಸಾಲದೆ, ಮಷಿನ್ ಅಡುಗೆಮನೆಯ ಬಾಗಿಲ ಸಂದಿಗೆ ಸರಿದು, ಮಡಿಸದ ಬಟ್ಟೆಯ ರಾಶಿ ಹೊತ್ತು ನಿಂತಿತು. ಇಂಟರ್ನೆಟ್ಟಿನ ಪೆಟ್ಟಿಗೆ ನಡುಮನೆಯಲ್ಲಿತ್ತು. ಅಲ್ಲಿಂದ ಬಂದ ವೈರು ಗಿಡ್ಡವಾದದ್ದರಿಂದ ತಮ್ಮನೇ ಇನ್ನೊಂದು ತುಂಡು ವೈರು ಸೇರಿಸಿ, ನೋಡಲು ಚೆನ್ನಾಗಿರಲಿ ಎಂದು ಮೇಲೊಂದು ಚಾಪೆ ಹಾಸಿದ್ದ.

ಕೆಲಸ ಸಿಗಬೇಕಾದರೆ ಮೊದಲು ಕೇಂದ್ರದ ಮೇಡಂ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಟೈಲರಕ್ಕ ಬಟ್ಟೆ, ಟೇಪು, ಕತ್ತರಿ ಹಿಡಿದು ಕೂತಳು. ಅಳತೆ ಹೇಳಿದಳು, ಗುರುತು ಹಾಕಿದಳು, ಕತ್ತರಿಸಿದಳು. ಎಲ್ಲ ನೀರು ಕುಡಿದಷ್ಟು ಸಲೀಸು. “ಈಗ ಕಾಲರ್ ಹೊಲಿಯೋದು ಹೇಗೆ ಅಂತ ನೋಡೋಣ” ಎಂದಳು. ಪರದೆಯಲ್ಲಿದ್ದ ಮೇಡಂ ಮುಖ ಕಲ್ಲಾಗಿ ನಿಂತು, ಮಾಯವಾಯಿತು. ಮತ್ತೆ ಬಂತು. ಅವಳು ಮತ್ತೆ ಕಾಲರಿಗೆ ಬಂದಳು, ಮತ್ತೆ ಹೋಯಿತು. ಮುಂದಿನ ವಾರವೂ ಅದೇ ರಾಮಾಯಣ.

“ಇನ್ನೊಂದೇ ಒಂದು ಸಲ ನೋಡ್ತೀನಮ್ಮ, ನಾಳೆ ಮಧ್ಯಾಹ್ನ” ಎಂದರು ಮೇಡಂ. “ಪಾಠ ಮಧ್ಯದಲ್ಲಿ ಹೀಗೆ ನಿಂತ್ರೆ ಬೇರೆಯವರನ್ನ ತಗೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಟೈಲರಕ್ಕನಿಗೆ ಬೇಜಾರಾಗದೆ ಇನ್ನೇನಾಗಬೇಕು? ಅಂಗಡಿ ಹೋದ ಮೇಲೆ ಅವಳಿಗೆ ಉಳಿದಿದ್ದು ಇದೊಂದೇ ದಾರಿ.

ತಮ್ಮ ಬಂದು ಕೂತು, ದೊಡ್ಡದೊಂದು ವಿಡಿಯೋ ಹಾಕಿ ಕಡೆತನಕ ನೋಡಿದ. ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ.

“ನಂಗೆ ಸರಿಯಾಗೇ ಬರುತ್ತಲ್ಲಕ್ಕಾ. ನೀನು ಏನೋ ಒತ್ತುತ್ತೀಯ.”

“ಎರಡೂ ಕೈಲಿ ಬಟ್ಟೆ ಹಿಡ್ಕೊಂಡಿರ್ತೀನಿ ಕಣೋ. ಮೂಗಲ್ಲಿ ಒತ್ತಲಾ?”

ಸಂಜೆ ಇಂಟರ್ನೆಟ್ ಕಂಪನಿಯವನು ಬಂದ. ಪೆಟ್ಟಿಗೆ ಆರಿಸಿ ಹಚ್ಚಿದ, ಕುರ್ಚಿಯಲ್ಲಿ ಕೂತು ವೇಗ ಅಳೆದ, ಎಲ್ಲ ಸರಿಯಿದೆ ಎಂದ. ಹೊರಡುವಾಗ ತಮ್ಮನ ಕಡೆ ತಿರುಗಿ, “ಲೈನ್ ಪಕ್ಕಾ ಇದೆ ಸಾರ್. ವಯಸ್ಸಾದವರಿಗೆ ಸ್ವಲ್ಪ ಅಭ್ಯಾಸ ಆಗ್ಬೇಕು, ಅಷ್ಟೇ” ಎಂದ. ಟೈಲರಕ್ಕ ಎದುರಿಗೇ ನಿಂತಿದ್ದಳು. ಎದುರಿಗೆ ಇರುವವರನ್ನು ಬಿಟ್ಟು ಪಕ್ಕದವರಿಗೆ ಹೇಳುವ ಈ ಬುದ್ಧಿಯನ್ನು ಯಾವ ಕಂಪನಿ ಕಲಿಸುತ್ತದೋ ಕಾಣೆ. ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆಯೂ ಉರಿ ಆರಿರಲಿಲ್ಲ. ಮಂಚದ ಮೇಲೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದ ಅಮ್ಮ ಮಗಳ ಗೊಣಗಾಟ ಕೇಳಿ ಕೇಳಿ ಸಾಕಾಗಿ ಬಾಯಿಬಿಟ್ಟಳು.

“ನಿನ್ನ ಅಂಗಡೀಲಿ ಕಲಿಯೋಕೆ ಬರ್ತಿದ್ದ ಹುಡುಗೀರೂ ಹೀಗೇ ಮೂಗು ಒರೆಸ್ಕೋತಿದ್ರು. ಎಲ್ರಿಗೂ ಮಷಿನ್ ಓಡುತ್ತೆ, ನಂಗೆ ಮಾತ್ರ ದಾರ ಕಡಿಯುತ್ತೆ ಅಂತ. ಆಗ ನೀನೇನು ಮಾಡ್ತಿದ್ದೆ?”

ಟೈಲರಕ್ಕ ಗೊಣಗುವುದು ಬಿಟ್ಟು ನೆನಪು ಮಾಡಿಕೊಂಡಳು. ಆಗ ಅವಳು ಮಷಿನ್ ಮುಟ್ಟುತ್ತಲೇ ಇರಲಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಆ ಹುಡುಗಿ ಹೇಗೆ ಕೂರುತ್ತಾಳೆ, ಬಟ್ಟೆ ಹೇಗೆ ಎಳೆಯುತ್ತಾಳೆ ಎಂದು ನೋಡುತ್ತಿದ್ದಳು. ಎಲ್ಲರಿಗೂ ಓಡುವ ಮಷಿನ್ ಒಬ್ಬಳಿಗೆ ಮಾತ್ರ ಕೈಕೊಟ್ಟರೆ ನೋಡಬೇಕಾದದ್ದು ಅವಳನ್ನೇ. ಊರವರಿಗೆಲ್ಲ ಹೇಳಿದ ಬುದ್ಧಿ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು.

“ಏಯ್, ಬಾ ಇಲ್ಲಿ” ಎಂದು ತಮ್ಮನನ್ನು ಕರೆದಳು. “ನಾನು ಪಾಠ ಹೇಳ್ತೀನಿ. ನೀನು ಕಂಪ್ಯೂಟರ್ ನೋಡಬೇಡ, ನನ್ನ ನೋಡು.”

ಅವನು ಎವೆಯಿಕ್ಕದೆ ಅವಳ ಕೈಗಳನ್ನು ನೋಡಿದ. ಕಾಲರ್ ಬಂತು, ಇಂಟರ್ನೆಟ್ ಹೋಯಿತು.

“ಕೈಯಲ್ಲಿ ಏನೂ ಇಲ್ಲಕ್ಕಾ.”

“ಹಾಗಾದ್ರೆ ಕೈ ಬಿಡು. ಕೆಳಗೆ ಕೂತ್ಕೊಂಡು ನೋಡು.”

ತಮ್ಮ ಮೇಜಿನಡಿ ತೂರಿದ. ಟೈಲರಕ್ಕ ಬಟ್ಟೆಯ ಎರಡು ತುಂಡು ಜೋಡಿಸಿ, ಸೂಜಿ ಎಲ್ಲಿ ಇಳಿಯಬೇಕು, ತುದಿಗೆ ಬಂದಾಗ ಎಲ್ಲಿ ತಿರುಗಬೇಕು ಎಂದು ವಿವರಿಸತೊಡಗಿದಳು.

“ಅಕ್ಕಾ, ನೀನು ತುಳೀತಿದ್ದೀಯ.”

“ಏನನ್ನ?”

“ಮಷಿನ್ನ.”

ಅವಳು ಬಗ್ಗಿ ನೋಡಿದಳು. ನಿಜ. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಕತ್ತರಿ ಹಿಡಿದಾಗ ತೆಪ್ಪಗಿದ್ದ ಕಾಲುಗಳು ಹೊಲಿಗೆಯ ಮಾತು ಬಂದದ್ದೇ ತಡ, ಇಲ್ಲದ ಮಷಿನನ್ನು ತುಳಿಯುತ್ತಿದ್ದವು. ಕಾಲಡಿ ಚಾಪೆ, ಚಾಪೆಯಡಿ ವೈರುಗಳ ಕೂಡುಗಂಟು. ತುಳಿದಾಗ ಸಡಿಲ, ಬಿಟ್ಟಾಗ ಬಿಗಿ. ತಪ್ಪು ಅವಳದೇ ಎಂದವರೆಲ್ಲ ಸರಿಯಾಗಿಯೇ ಹೇಳಿದ್ದರು, ಆದರೆ ಕೈಯನ್ನು ಬೈದರು. ಕಾಲನ್ನು ಯಾರು ಬೈದಾರು? ಆ ಮನೆಯವರು ಉಂಡದ್ದು, ತಮ್ಮ ಓದಿದ್ದು, ಎಲ್ಲ ಆ ಕಾಲಿನ ದುಡಿಮೆಯಿಂದ. ತಮ್ಮ ಮೇಜಿನಡಿಯಿಂದ ಹೊರಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಧೂಳು ಹೋಯಿತು ಎಂದ. ಅವಳು ನಂಬಿದಂತೆ ಮಾಡಿದಳು.

ಆದರೆ ಮಧ್ಯಾಹ್ನ ಹತ್ತಿರ ಬರುತ್ತಿತ್ತು. ಗಂಟನ್ನು ಪಕ್ಕಕ್ಕೆ ಎಳೆದರೆ ವೈರು ಎಟುಕುತ್ತಿರಲಿಲ್ಲ. ಹೊಸ ವೈರು ತರೋಣವೆಂದರೆ ಅಂಗಡಿ ಸಂಜೆಗೆ ತೆರೆಯುವುದು.

“ಇವತ್ತೊಂದಿನ ಕಾಲು ಅಲ್ಲಾಡಿಸಬೇಡಕ್ಕಾ.”

ಅವಳು ಪಾದ ಬಿಗಿಹಿಡಿದು ಹೇಳಿ ನೋಡಿದಳು. “ಸೂಜಿ ಇಳಿಸಿ… ಆಮೇಲೆ… ಆಮೇಲೆ…” ಕಾಲು ನಿಂತರೆ ಬಾಯಿಯೂ ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿದಳು.

“ಮಷಿನ್ ತಾ.”

“ಯಾಕೆ?”

“ತಾ ಅಂದ್ನಲ್ಲ.”

ಬಟ್ಟೆಯ ರಾಶಿ ಅಮ್ಮನ ಮಂಚಕ್ಕೆ ಬಿತ್ತು. ಆಫೀಸಿನ ಮೇಜು ಬಾಗಿಲ ಸಂದಿಗೆ, ಮಷಿನ್ ಮೇಜಿದ್ದ ಜಾಗಕ್ಕೆ. ಟೈಲರಕ್ಕ ಅದರ ತಲೆಯನ್ನು ಹಲಗೆಯೊಳಕ್ಕೆ ಮಡಚಿದಳು, ಬೆಲ್ಟು ಬಿಚ್ಚಿದಳು. ಮೇಲೆ ಪರದೆ, ಪಕ್ಕದ ಸ್ಟೂಲಿನ ಮೇಲೆ ಕಂಪ್ಯೂಟರಿನ ಡಬ್ಬ. ವೈರು ಇದ್ದಲ್ಲೇ ನೆಲದ ಮೇಲೆ ಉಳಿಯಿತು. ಅವಳ ಕಾಲು ನೆಲ ಮುಟ್ಟದೆ ಕಬ್ಬಿಣದ ಪೆಡಲಿನ ಮೇಲೆ ಕೂತಿತು.

ಮೇಡಂ ಪರದೆಗೆ ಬಂದರು. ಅಳತೆ, ಗುರುತು, ಕತ್ತರಿ ಮುಗಿದವು. ಬಾಗಿಲಲ್ಲಿ ತಮ್ಮ ವೈರಿನ ಗಂಟನ್ನೇ ನೋಡುತ್ತಾ ನಿಂತಿದ್ದ.

“ಈಗ ಕಾಲರ್” ಎಂದಳು ಟೈಲರಕ್ಕ.

ಕಾಲು ಶುರುವಾಯಿತು, ಕೆಳಗೆ ಚಕ್ರ ತಿರುಗಿತು. ಮೇಡಂ ಮುಖ ಪರದೆಯಲ್ಲೇ ಇತ್ತು, ರೆಪ್ಪೆ ಬಡಿಯುತ್ತಿತ್ತು. ಟೈಲರಕ್ಕನಿಗೆ ಖುಷಿ ಉಕ್ಕಿ ಬಂತು. ಮಾತಿಗೂ ವೇಗ ಬಂತು.

“ಅದೇನು ಟಕಟಕ ಶಬ್ದ?” ಮೇಡಂ ಕೇಳಿದರು.

“ನನ್ನ ಮಷಿನ್ ಮೇಡಂ. ತುಳೀದೆ ಇದ್ರೆ ನಂಗೆ ಮಾತು ಬರಲ್ಲ. ನಿಲ್ಲಿಸ್ಲಾ?”

“ಬೇಡ, ಬೇಡ. ಎಲ್ಲಿ ಓಡಿಸ್ಬೇಕು, ಮೂಲೇಲಿ ಎಷ್ಟು ನಿಧಾನ ಮಾಡ್ಬೇಕು ಅಂತ ಆ ಶಬ್ದ ಕೇಳಿದ್ರೇನೇ ಗೊತ್ತಾಗುತ್ತೆ. ಇದನ್ನ ಇಷ್ಟು ಚೆನ್ನಾಗಿ ಯಾರೂ ಹೇಳ್ಕೊಟ್ಟಿಲ್ಲ. ಸೋಮವಾರದಿಂದ ಕ್ಲಾಸು ನಿಮ್ಮದೇ, ಟೀಚರ್.”

ಟೀಚರ್ ಎಂದದ್ದನ್ನು ಕೇಳಿಸಿಕೊಂಡು ಅಮ್ಮ ಮಂಚದ ಮೇಲೆ ನೆಟ್ಟಗೆ ಕೂತಳು. ಕಾಲರ್ ಮುಗಿಯಿತು, ತೋಳು ಮುಗಿಯಿತು, ಗುಂಡಿಯ ಕಾಜಾ ಕೂಡ ಮುಗಿಯಿತು. ಇಂಟರ್ನೆಟ್ ಜಪ್ಪಯ್ಯ ಎಂದರೂ ಕದಲಲಿಲ್ಲ.

ಸಂಜೆ ತಮ್ಮ ಚಪ್ಪಲಿ ಮೆಟ್ಟುತ್ತಾ ಕೇಳಿದ: “ಹೊಸ ವೈರ್ ತಂದ್ಮೇಲೆ ಮೇಜು ಮತ್ತೆ ಮೊದಲಿನ ಜಾಗದಲ್ಲೇ ಇಡಲಾ ಅಕ್ಕಾ?”

“ವೈರ್ ತಗೊಂಡ್ಬಾ” ಎಂದಳು ಟೈಲರಕ್ಕ. “ಮೇಜು ಬಾಗಿಲ ಸಂದೀಲೇ ಇರ್ಲಿ. ಬಟ್ಟೆ ಹಾಕೋಕೆ ಒಂದು ಜಾಗ ಬೇಕಲ್ಲ.”