ಹಿತ್ತಲ ದೀಪದ ಸಾಕ್ಷಿ

ಬಾಗಲಕೋಟೆಯ ನವನಗರದಲ್ಲಿ ಮೂಲೆಯ ಎರಡು ಪ್ಲಾಟು ಕೂಡಿಸಿ ಕಟ್ಟಿಸಿದ ಸತ್ಯಬೋಧರ ಮನೆಯಲ್ಲಿ ಕಳುವಾಗುತ್ತಿದ್ದದ್ದು ಹೂವು. ಬಂಗಾರ ಹೋಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು, ನೆಂಟರಾದರೂ ಬಂದು ಸಮಾಧಾನ ಮಾಡುತ್ತಿದ್ದರು. ಹಿತ್ತಲ ನಂದಬಟ್ಟಲ ಗಿಡ ಬೋಳಾಯಿತೆಂದರೆ ನಗುವವರೇ ಹೆಚ್ಚು. ಆದರೂ ಜೀವಮಾನವಿಡೀ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಮನುಷ್ಯ ದಿನಾ ಬೆಳಿಗ್ಗೆ ದೇವರ ಮುಂದೆ ಬರೀ ತುಳಸಿ ಹಿಡಿದು ಕೂಡುವುದೆಂದರೇನು?

ಕಳ್ಳರು ಯಾರೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಹಿತ್ತಲಿನ ಒಂಟಿ ಕೋಣೆಯಲ್ಲಿ ಗುರುಲಿಂಗವ್ವ ಇದ್ದಳು. ಗಂಡ ತೀರಿದ ಮೇಲೆ ಮಾಲೆ ಕಟ್ಟಿ, ತುಳಸಿಗೇರಿಯ ಹನಮಪ್ಪನ ಗುಡಿಯ ಮುಂದೆ ಮಾರಿ ಬದುಕುವ ಹೆಂಗಸು. ಸತ್ಯಬೋಧರ ಹೆಂಡತಿ ಕುಮುದಿನಿಯೇ ಕರೆದು ಆ ಕೋಣೆ ಕೊಟ್ಟಿದ್ದರು. ಹೂವು ಮಾರುವಾಕೆ ಒಬ್ಬಳು, ಹೂವಿನ ಗಿಡ ಒಂದು, ನಡುವೆ ಗೋಡೆಯೂ ಇಲ್ಲ. ಸತ್ಯಬೋಧರ ಮಟ್ಟಿಗೆ ಸಿದ್ಧಾಂತ ಮುಗಿದಿತ್ತು, ಪ್ರಯೋಗವಷ್ಟೇ ಬಾಕಿ. ಒಂದು ಸಂಜೆ ಪಡಸಾಲೆಯಲ್ಲಿ ಚಹಾಕ್ಕೆ ಕೂಡಿದ್ದ ಗೆಳೆಯರೆದುರು, ಆಕೆಗೂ ಕೇಳುವಂತೆ ಅಂದುಬಿಟ್ಟರು:

“ಸೆನ್ಸರ್ ದೀಪ ಹಾಕಸ್ತೇನಿ. ಅದು ಯಾರನ್ನ ತೋರಸ್ತದೋ ಅವರು ಈ ಜಾಗಾ ಬಿಡಬೇಕು.”

ಗುರುಲಿಂಗವ್ವ ನೀರಿನ ಕೊಡ ಇಳಿಸಿ, “ಹಾಕಸ್ರಿ ರಾಯರ. ನನಗೂ ಕಸಾ ಹೊಡಿಯಾಕ ಬೆಳಕಾಕ್ಕೈತಿ,” ಎಂದು ಒಳಗೆ ಹೋದಳು.

ಅಲ್ಲಿಂದ ಮುಂದೆ ನಡೆದದ್ದನ್ನು ಖರೀದಿ ಎನ್ನುವುದಕ್ಕಿಂತ ಸಂಶೋಧನೆ ಎನ್ನುವುದು ಸರಿ. ಸತ್ಯಬೋಧರು ಮೊದಲು ಬಾದಾಮಿಗೆ ಹೋಗಿ ಹೆಂಡತಿಯ ತಮ್ಮನ ಮನೆಯ ದೀಪಗಳನ್ನು ಪರೀಕ್ಷಿಸಿದರು. ಅಲ್ಲಿ ಮಂಗಗಳು ಸೆನ್ಸರಿನ ಮರ್ಮ ಅರಿತುಕೊಂಡು, ಕತ್ತಲಾಗುತ್ತಲೇ ಗೋಡೆಯ ಮೇಲೆ ಅತ್ತಿತ್ತ ಓಡಾಡಿ ದೀಪ ಹೊತ್ತಿಸಿ, ಆ ಬೆಳಕಿನಲ್ಲಿ ಪೇರಲ ಹಣ್ಣು ಆರಿಸುತ್ತಿದ್ದವು. ಹುನಗುಂದದ ಅಂಗಡಿಯಲ್ಲಿ ಕಂಡದ್ದಕ್ಕೆ ಗೋಡೆ ಕೊರೆದು ವೈರು ಎಳೆಯಬೇಕಿತ್ತು. ಹೊಸ ಮನೆಯ ಗೋಡೆ ಕೊರೆಯಲು ಅವರ ಮನಸ್ಸು ಒಪ್ಪಲಿಲ್ಲ. ಕೊನೆಗೆ ಇಲಕಲ್ಲಿನಲ್ಲಿ ಅರ್ಜು ಎಂಬವನ ಅಂಗಡಿಯಲ್ಲಿ ಕುಳಿತು, ಎಷ್ಟು ಅಡಿ ದೂರಕ್ಕೆ, ಎಷ್ಟು ಕೋನದಲ್ಲಿ, ಬ್ಯಾಟರಿ ಎಷ್ಟು ತಿಂಗಳು ಎಂದು ಕೇಳಿ ಕೇಳಿ ಅವನ ಮಧ್ಯಾಹ್ನದ ಊಟ ತಪ್ಪಿಸಿದರು. ಅವನು ಹಿಂದಿಯಲ್ಲಿ “ಸಾವಧಾನ್” ಎಂದು ಕೂಗುವುದೊಂದನ್ನು ತೋರಿಸಿದ. ಇವರು ಅದನ್ನು ಪಕ್ಕಕ್ಕೆ ಸರಿಸಿ, ಸೆನ್ಸರ್ ಎಂಬುದು ಕಣ್ಣಲ್ಲ, ಚರ್ಮವಿದ್ದಂತೆ; ಗೋಡೆಯ ಕಾವಿಗಿಂತ ಬೇರೆಯಾದ ಮೈಕಾವು ಎದುರಿಗೆ ಹಾದರೆ ಅದು ಎಚ್ಚರಾಗುತ್ತದೆ ಎಂದು ಅವನಿಗೇ ಪಾಠ ಮಾಡಿದರು. ಅರ್ಜು ಹೂಂಗುಟ್ಟುತ್ತ ಬಿಲ್ಲು ಬರೆದ.

ಆಯ್ಕೆಯಲ್ಲಿ ಸಲಹೆಗಾರ ಪಂಢರೀನಾಥ. ಬ್ಯಾಂಕಿನಿಂದ ನಿವೃತ್ತನಾದ ಪಕ್ಕದ ಮನೆಯವನು, ಬಾಲ್ಯದ ಗೆಳೆಯ. ಎರಡೂ ಕಂಪೌಂಡುಗಳ ನಡುವಿನ ಸಣ್ಣ ಗೇಟು ಅವನ ಸಲುವಾಗಿಯೇ ಇತ್ತು. ಗಿಡಗಂಟಿಯಿಲ್ಲದ ಅವನ ಅಂಗಳಕ್ಕೆ ಪೂರಾ ಫರಶಿಕಲ್ಲು ಹಾಸಿತ್ತು. ಮಡಿಯ ವಿಷಯದಲ್ಲಿ ಮಾತ್ರ ಅವನ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ಮಳೆ ಇರಲಿ, ಚಳಿ ಇರಲಿ, ತಣ್ಣೀರು ಸುರುವಿಕೊಂಡು, ಹಿಂಡದ ಒದ್ದೆ ಧೋತರದಲ್ಲೇ ಪೂಜೆಗೆ ಕೂಡುವವನು. ಬಿಸಿನೀರು ಮಿಂದು ರೇಷ್ಮೆಯ ಮುಕಟಾ ಉಡುವ ಸತ್ಯಬೋಧರನ್ನು, “ಗೀಸರಿನ ಮಡಿ, ಅದೂ ಒಂದು ಮಡಿ ಏನೋ,” ಎಂದು ಛೇಡಿಸುತ್ತಿದ್ದ. ಬೆಕ್ಕು ಹಾದರೆ ದೀಪ ಹೊತ್ತಬಾರದು, ಸೂಕ್ಷ್ಮತೆ ಕಡಿಮೆ ಇಡು ಎಂದವನೂ ಅವನೇ. ಸತ್ಯಬೋಧರು ಇಟ್ಟರು.

ಮನೆಯ ಸುತ್ತ ದೀಪ ಬಂದವು, ಹೊತ್ತಿದಾಗಲೆಲ್ಲ ಸತ್ಯಬೋಧರ ಫೋನಿಗೆ ಸುದ್ದಿ ಮುಟ್ಟಿಸುವಂಥವು. ಮೊದಲ ಬೆಳಗಿನಿಂದಲೇ ಫೋನು ಸಾಕ್ಷಿ ನುಡಿಯಿತು. ನಸುಕಿನಲ್ಲಿ ಗುರುಲಿಂಗವ್ವ ರೊಟ್ಟಿ ಬಡಿದು, ಒಲೆಯ ಮುಂದಿನಿಂದೆದ್ದು ಕಸಬರಿಗೆ ಹಿಡಿದು ಹೊರಬಂದರೆ ಸಾಕು, ಹಿತ್ತಲೆಲ್ಲ ಮದುವೆಮನೆಯಾಗುತ್ತಿತ್ತು. ಸತ್ಯಬೋಧರ ದಿಂಬಿನ ಪಕ್ಕದಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು. ಎದ್ದು ಹೋಗಿ ನೋಡಿದರೆ ಗಿಡ ಬೋಳು, ಎದುರಿಗೆ ಆಕೆ. ಬೇರೆ ಯಾರಿಗೂ ದೀಪ ಹೊತ್ತಿಲ್ಲ. ಇನ್ನೇನು ಬೇಕು? ತಿಂಗಳು ಮುಗಿಯುವುದರೊಳಗೆ ಕೋಣೆ ಬಿಡಬೇಕೆಂದು ಹೇಳಿಬಿಟ್ಟರು. ಆಕೆ ಕಸ ಹೊಡೆಯಲು ಹೊರಬರುವ ಹೊತ್ತಿಗೆ ಹೂವು ಆಗಲೇ ಇರುವುದಿಲ್ಲವಲ್ಲ ಎಂದು ಕುಮುದಿನಿ ಕೇಳಿದರು. ಹಾಗಿದ್ದರೆ ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಗಂಡ ಕೇಳಿದರು. ಆ ಮನೆಯಲ್ಲಿ ಇಂಥ ಪ್ರಶ್ನೆಯ ಮೇಲೆ ಮಾತು ನಿಲ್ಲುತ್ತಿತ್ತು.

ಅಷ್ಟರಲ್ಲಿ ಸತ್ಯಬೋಧರ ತಾಯಿಯ ಶ್ರಾದ್ಧ ಬಂತು. ಆ ಒಂದು ದಿನ ಗೀಸರು ನಡೆಯುವುದಿಲ್ಲ. ನಸುಕಿನಲ್ಲಿ ಬಾವಿಯ ಕಟ್ಟೆಯ ಮೇಲೆ ತಣ್ಣೀರು ಸುರುವಿಕೊಂಡು, ಒದ್ದೆ ಧೋತರದಲ್ಲೇ ಮಡಿನೀರಿನ ಕೊಡ ಹೊತ್ತು ಅವರು ಹಿತ್ತಲು ದಾಟಿದರು. ಅರ್ಧ ದಾರಿಗೆ ಬಂದಾಗ ಏನೋ ಕಡಿಮೆಯಾದಂತೆನಿಸಿತು. ಕತ್ತಲು ಕಡಿಮೆಯಾಗಿರಲಿಲ್ಲ, ಅದೇ ತೊಂದರೆ. ಸೆನ್ಸರಿನ ನೇರಕ್ಕೆ ನಿಂತರು. ಹಿಂದೆ ಹೋದರು, ಮುಂದೆ ಬಂದರು, ಕೈ ಬೀಸಿದರು. ದೀಪ ಹೊತ್ತಲಿಲ್ಲ. ಹಗಲೆಲ್ಲ ಬಿಸಿಲುಂಡ ಗೋಡೆ ಇನ್ನೂ ಬೆಚ್ಚಗಿತ್ತು. ಬಾವಿಯ ನೀರು ಮೈಯನ್ನು ಅದೇ ಕಾವಿಗೆ ಇಳಿಸಿತ್ತು. ಇದರ ಅರ್ಥ ತಲೆಗೆ ಹೊಳೆಯುವ ಮುಂಚೆಯೇ ನಂದಬಟ್ಟಲದ ಕಡೆಯಿಂದ ದನಿ ಬಂತು.

“ಸತ್ಯಬೋಧಾ, ಅಲ್ಲೇ ನಿಂದ್ರು. ಮುಟ್ಟಿಗಿಟ್ಟೀ. ನಾ ಮಡೀಲೆ ಇದ್ದೇನಿ.”

ಪಂಢರೀನಾಥ. ಧೋತರದಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಬಿದಿರಿನ ಹೂಬುಟ್ಟಿ, ತುಂಬಿದ್ದು.

ಸತ್ಯಬೋಧರಿಗೆ ಸಿಟ್ಟು ಬರಬೇಕಿತ್ತು. ಶ್ರಾದ್ಧದ ದಿನ ಸಿಟ್ಟಾಗುವಂತಿಲ್ಲ, ಪಿತೃಗಳು ಹೊರಟುಹೋಗುತ್ತಾರೆ. “ದಿನಾ ನೀನೇ ಏನೋ?” ಎಂದಷ್ಟೇ ಕೇಳಿದರು.

“ಮತ್ತ ಯಾರು? ದೇವರ ಪೂಜಾಕ್ಕ ಒಯ್ತೇನಿ, ಮಾರ್ಕೊಳ್ಳಿಕ್ಕೆ ಒಯ್ಯೂದಿಲ್ಲ. ನಿನ್ನ ಗಿಡಕ್ಕೂ ಪುಣ್ಯ ಬರ್ತದ.”

ಆಗ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಗುರುಲಿಂಗವ್ವ ಕಸಬರಿಗೆ ಹಿಡಿದು ಹೊರಬಂದಿದ್ದಳು. ಒಬ್ಬರನ್ನೊಬ್ಬರು ಮುಟ್ಟದಂತೆ ದೂರ ನಿಂತ, ಒದ್ದೆಯಾದ ಇಬ್ಬರು ಹಿರಿಯರನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಒಳಗೆ ಫೋನು ಗುಂಯ್‌ಗುಟ್ಟುತ್ತಿತ್ತು. ಪಂಢರೀನಾಥ ಬುಟ್ಟಿಗೆ ಧೋತರದ ಸೆರಗು ಮುಚ್ಚಿ ಸಣ್ಣ ಗೇಟಿನತ್ತ ನಡೆದ.

“ಗುರುಲಿಂಗವ್ವ, ನೀ ಎಲ್ಲಿಗೂ ಹೋಗೂದು ಬ್ಯಾಡ,” ಎಂದರು ಸತ್ಯಬೋಧರು.

“ಇರೂದು ಹೋಗೂದು ಆಮ್ಯಾಲಿನ ಮಾತ್ರಿ,” ಎಂದಳು ಆಕೆ. “ನಾಕು ಮಂದಿ ಮುಂದ ನನಗ ಕಳ್ಳಿ ಅಂದೀರಿ. ಆ ನಾಕು ಮಂದಿ ಮುಂದನ ನಾ ಅಲ್ಲ ಅನ್ರಿ. ಯಾರು ಅಂತ ಹೇಳೂದೂ ಬ್ಯಾಡ.”

ಮರುದಿನ ಸಂಜೆ ಪಡಸಾಲೆ ತುಂಬಿತ್ತು. ಪಂಢರೀನಾಥ ತನ್ನ ಎಂದಿನ ಕುರ್ಚಿಯಲ್ಲಿದ್ದ. ಕುಮುದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತರು, ಗುರುಲಿಂಗವ್ವ ಮೆಟ್ಟಿಲ ಬಳಿ. ಸತ್ಯಬೋಧರು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು. ಪ್ರತಿಯೊಂದು ವಸ್ತುವೂ ತನ್ನ ಕಾವಿಗೆ ತಕ್ಕಂತೆ ಅವಗೆಂಪು ಕಿರಣ ಸೂಸುತ್ತದೆ ಎಂದರು. ನೀರು ಆರುವಾಗ ಮೈ ಏಕೆ ತಣ್ಣಗಾಗುತ್ತದೆ ಎಂಬುದನ್ನು ಮಡಕೆಯ ಉದಾಹರಣೆ ಕೊಟ್ಟು ಬಿಡಿಸಿದರು. ಸೂಕ್ಷ್ಮತೆಯ ಗುಂಡಿ, ಮಸೂರದ ಪಟ್ಟಿಗಳು, ಬೇಸಿಗೆಯ ಗೋಡೆ ಎಲ್ಲ ಬಂದವು. ಒಟ್ಟಿನಲ್ಲಿ ಯಂತ್ರಕ್ಕೂ ಮಿತಿಯಿರುತ್ತದೆ, ಅದರಿಂದ ಯಾವುದೇ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ ಎಂದರು. ಗೆಳೆಯರು ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವನು ಪಂಢರೀನಾಥ.

“ಇಷ್ಟೇನ್ರಿ?” ಎಂದು ಕುಮುದಿನಿ ಬಾಗಿಲಿಂದ ಕೇಳಿದರು.

ಸತ್ಯಬೋಧರು ಚಹಾದ ಕಪ್ಪಿನೊಳಗೆ ನೋಡಿದರು. ಕಳ್ಳಿ ಅಲ್ಲ ಎಂದರೆ ಮತ್ಯಾರು ಎಂದು ಯಾರಾದರೂ ಕೇಳಿಯಾರು. ಬಾಲ್ಯದ ಗೆಳೆತನ. ಅದೂ ಮಡಿಯಲ್ಲಿದ್ದ ಮನುಷ್ಯ.

ಗುರುಲಿಂಗವ್ವ ಕೋಣೆಗೆ ಹೋಗಿ ಟ್ರಂಕು ತಂದಳು, ಬೆಳಿಗ್ಗೆಯೇ ಕಟ್ಟಿಟ್ಟಿರಬೇಕು. ಚೊಳಚಗುಡ್ಡದಲ್ಲಿ ತಂಗಿಯ ಮನೆಯಿದೆ ಎಂದು ಕುಮುದಿನಿಗೆ ಹೇಳಿ, ಕೀಲಿಯನ್ನು ಅವರ ಅಂಗೈಗೆ ಹಾಕಿದಳು. ಪಡಸಾಲೆಯ ಕಡೆ ತಿರುಗಿಯೂ ನೋಡಲಿಲ್ಲ. ಗೇಟು ತಲುಪುತ್ತಿದ್ದಂತೆ ದೀಪಗಳು ಹೊತ್ತಿಕೊಂಡು ಆಕೆಯ ಬೆನ್ನಿನ ಮೇಲೆ, ಟ್ರಂಕಿನ ಮೇಲೆ, ಹೊರಗಿನ ರಸ್ತೆಯ ಮೇಲೆ ಚೆಲ್ಲಿದವು. ಸತ್ಯಬೋಧರ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು.

“ಏನ ಅನ್ನು,” ಎಂದ ಪಂಢರೀನಾಥ, ಬಿಸ್ಕೀಟು ಚಹಾದಲ್ಲಿ ಅದ್ದುತ್ತ, “ಆರಿಸಿದ್ದು ಛಲೋ ಆರಿಸೀದಿ. ಎಷ್ಟು ಬರೋಬ್ಬರಿ ಹಿಡೀತದ ನೋಡು.”