ಮದ್ದು ಹೊಡೆದ ತೆನೆ

ಎಪ್ಪತ್ತೆಂಟನೇ ಇಸವಿಯಲ್ಲಿ ತೆನೆಹಬ್ಬಕ್ಕೆ ಇಡೀ ಇಗರ್ಜಿಗೆ ತೆನೆ ಕೊಡುವ ಭಾಗ್ಯ ಕುಕ್ಕುಂದೂರಿನ ಸೆಲೀನಳಿಗೆ ಬಂತು. ಮಳೆ ತಡವಾಗಿ ದೊಡ್ಡ ಗದ್ದೆಯವರ ಭತ್ತವೆಲ್ಲ ಇನ್ನೂ ಹಸಿರಾಗಿತ್ತು. ಇವಳ ಅಂಗೈಯಗಲದ ಗದ್ದೆ ಮಾತ್ರ ಹಣ್ಣಾಗಿ ಬಾಗಿತ್ತು. ಬಾಗದೆ ಏನು! ಪರದೇಶದ ಹಣದಲ್ಲಿ ನಡೆಯುವ ಸಂಶೋಧನೆಯ ತಳಿ ಅದು. ಸಣ್ಣ ರೈತರ ಗದ್ದೆಯಲ್ಲೇ ಬೆಳೆದು ನೋಡಬೇಕೆಂದು ಸಂಶೋಧಕ ತಾರಾನಾಥ ತಾನೇ ನಿಂತು ಬಿತ್ತಿಸಿದ್ದ.

ಹಬ್ಬದ ಹಿಂದಿನ ವಾರ ಅವನು ಬೆಳೆಗೆ ಹೊಸ ಮದ್ದು ಹೊಡೆಸಿ, "ನಾನು ಹೇಳುವವರೆಗೆ ಕೊಯ್ಯಬೇಡಿ, ಒಂದು ಕಾಳೂ ತಿನ್ನಬೇಡಿ" ಎಂದು ಸೆಲೀನಳ ಗಂಡ ಇಮ್ಯಾನುಯೆಲನಿಗೆ ಹೇಳಿಹೋದ. ಗಂಡ ಅದನ್ನು ಹೇಳಿದಾಗ ಸೆಲೀನ್ ನಕ್ಕುಬಿಟ್ಟಳು.

"ಎಂತ ಮಾರಾಯ್ರೆ, ಇಗರ್ಜಿಯ ಮಾತೆಗೆ ಕೊಡುವುದು ಕೊಯ್ಲು ಆಗ್ತದಾ? ಅದು ನಮ್ಮದೇ ಅಲ್ಲ. ಫಾದರ್ ಆಶೀರ್ವಾದ ಮಾಡಿದ ಮೇಲೆ ಅದರಲ್ಲಿ ಎಂತ ದೋಷ ಉಂಟು?"

ಇಮ್ಯಾನುಯೆಲನಿಗೂ ಹೌದೆನಿಸಿತು. ತೆನೆ ಕೊಯ್ಯುವಾಗ ಬದುವಿನ ಉದ್ದಕ್ಕೂ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಇಬ್ಬರೂ ನೋಡಿದರು, ಅವನ್ನು ದಾಟಿಕೊಂಡು ಕೊಯ್ಯುತ್ತಾ ಹೋದರು.

ಹಬ್ಬದ ದಿನ ಪೂಜೆ ಮುಗಿದು ಮನೆಮನೆಯವರೂ ತೆನೆ ಒಯ್ದರು. ಮಧ್ಯಾಹ್ನವಾಗುತ್ತಿದ್ದಂತೆ ತಾರಾನಾಥ ಬಂದ. ಬೋಳಾದ ಗದ್ದೆಯನ್ನು ಕಂಡು ಅಂಗಳಕ್ಕೆ ಓಡಿಬಂದ.

"ಬಾಯಮ್ಮ, ತೆನೆ ಎಲ್ಲಿ?"

"ಎಲ್ಲರ ಮನೆಯಲ್ಲಿ ಉಂಟು ಸರ್!" ಸೆಲೀನ್ ಹೆಮ್ಮೆಯಿಂದ ಹೇಳಿದಳು. "ಹೊಸ ಅಕ್ಕಿ ಹಾಲಿಗೆ ಹಾಕಿ ಮೊದಲು ಮಕ್ಕಳಿಗೆ ಕೊಡುವುದಲ್ವಾ?"

ತಾರಾನಾಥನ ಮುಖ ಬಿಳಿಚಿತು. "ಅದು ವಿಷ. ದೊಡ್ಡವರಾದರೆ ತಡೆದುಕೊಂಡಾರು, ಮಕ್ಕಳು..." ಎಂದವನು ಅಲ್ಲಿಗೇ ನಿಲ್ಲಿಸಿ ಸ್ವರ ತಗ್ಗಿಸಿದ. "ಯಾರಿಗೂ ಹೇಳಬೇಡಿ. ನಾಳೆ ಪರದೇಶದವರು ನೋಡಲಿಕ್ಕೆ ಬರ್ತಾರೆ. ಇದು ಗೊತ್ತಾದರೆ ಹಣ ನಿಂತೇಹೋಗ್ತದೆ. ನಿಮ್ಮಂಥ ಎಷ್ಟೋ ಬಡವರ ಅನ್ನ ಅದು."

"ನಿಮ್ಮ ಹಣಕ್ಕೆ ಬೆಂಕಿ ಬೀಳ!"

ಸೆಲೀನ್ ಅವನನ್ನು ದೂಡಿ ಅಂಗಳದಾಚೆ ಬಂದಳು. ಗುಡ್ಡದ ಸುತ್ತ ಚೆದುರಿದ ಅಷ್ಟು ಮನೆಗಳಿಗೆ ಓಡಿ ತಲುಪುವುದುಂಟೇ? ಇಗರ್ಜಿಯ ಗಂಟೆ ಬಾರಿಸಿದರೆ ಎಲ್ಲರೂ ಓಡಿಬಂದಾರು, ಬಾಯಿಬಿಟ್ಟು ಹೇಳಿಬಿಡಬಹುದು ಎಂದುಕೊಂಡು ಸೆರಗು ಬಿಗಿದು ಓಡಿದಳು. ಹಗ್ಗಕ್ಕೆ ಜೋತುಬಿದ್ದು ಎಳೆದಳು. ಅಂಗೈಯ ಚರ್ಮ ಕಿತ್ತುಬಂದರೂ ಬಿಡಲಿಲ್ಲ.

ಯಾರೂ ಬರಲಿಲ್ಲ. ಹೊಸ ಅಕ್ಕಿ ಮುಂದಿಟ್ಟುಕೊಂಡು ಊಟಕ್ಕೆ ಮುಂಚೆ ದಿನವೂ ಬಾರಿಸುವ ಮಧ್ಯಾಹ್ನದ ಗಂಟೆಗೇ ಕಾದಿದ್ದವರು, ಇದೇ ಆ ಗಂಟೆ ಎಂದುಕೊಂಡು ಶಿಲುಬೆಯ ಗುರುತು ಮಾಡಿ, ಮೊದಲ ಚಮಚವನ್ನು ಮಕ್ಕಳ ಬಾಯಿಗಿಟ್ಟರು.