ಹನ್ನೊಂದನೇ ಮಹಡಿಯ ಕೊಟ್ಟಿಗೆ

ಹಿಂಡಿ ವ್ಯಾಪಾರ ಮಾಡುವವನಿಗೆ ಊರಿನ ದನಗಳ ಲೆಕ್ಕ ಗೊತ್ತಿರಬೇಕು. ಪಟ್ಟಂದೂರು ಅಗ್ರಹಾರದಲ್ಲಿ ನಮ್ಮಪ್ಪ ಈ ಅಂಗಡಿ ಹಾಕಿದಾಗ ಇನ್ನೂರಕ್ಕೂ ಮಿಕ್ಕಿ ದನಗಳಿದ್ದವಂತೆ. ಹಿಂದಿನ ಗೋದಾಮಿನಲ್ಲಿ ಕಡಲೆಕಾಯಿ ಹಿಂಡಿಯ ಮೂಟೆಗಳು ತೊಲೆ ಮುಟ್ಟುತ್ತಿದ್ದವು. ಆಮೇಲೆ ಐಟಿ ಪಾರ್ಕ್ ಬಂತು, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಾಡಿಗೆ ಮನೆಗಳು ಬೆಳೆದವು, ಮೂಟೆಗಳು ಎದೆಮಟ್ಟಕ್ಕೆ ಇಳಿದು, ಅಲ್ಲಿಂದ ಸೊಂಟಕ್ಕೆ ಇಳಿದವು. ಈಗ ಊರಲ್ಲಿ ಉಳಿದಿರುವುದು ಒಂಬತ್ತು ಹಸು. ನಾನು ಒಂಬತ್ತಕ್ಕೆ ತಕ್ಕಷ್ಟೇ ತರಿಸುತ್ತಿದ್ದೆ. ನನ್ನ ಬುದ್ಧಿವಂತಿಕೆ ಎಂದರೆ ಅಷ್ಟೇ, ಆದರೆ ಅದರ ಬಗ್ಗೆ ಜಂಬ ಮಾತ್ರ ಬೇಕಾದಷ್ಟಿತ್ತು.

ಆ ಜಂಬ ಇಳಿಸಿದವಳು ಮಾರಕ್ಕ. ನಾಲ್ಕಾರು ಬಾಡಿಗೆ ಮನೆಗಳ ಒಡತಿ. ಬಾಡಿಗೆದಾರರ ಕಾರು ನಿಲ್ಲಬೇಕಾದ ಜಾಗದಲ್ಲಿ ಬೆಳ್ಳಿ ಎಂಬ ಹಸು ಕಟ್ಟಿಕೊಂಡು, ಕಾರಿನವರನ್ನೇ ಗದರಿಸುವ ಹೆಂಗಸು. ಗೌರಿ ಹಬ್ಬ ಮುಗಿದ ವಾರ ಅಂಗಡಿಗೆ ಬಂದವಳು ಗೋದಾಮಿಗೆ ಇಣುಕಿ ಅಲ್ಲೇ ನಿಂತುಬಿಟ್ಟಳು.

"ಎಂಕಟೇಸಪ್ಪ, ಇಂಡಿ ಎಲ್ಲೋ?"

"ಖಾಲಿ ಆಯ್ತಲ್ಲ ಮಾರಕ್ಕ."

"ಅಬ್ಬಕ್ಕೆ ಮುಂಚೆ ಸೊಂಟದ ಮಟ್ಟ ಇತ್ತು. ಒಂಬತ್ ಅಸ ಸೇರ್ಕಂಡು ಚೀಲದ ಸಮೇತ ತಿಂದ್ಬುಟ್ವಾ?"

ಹೊಸ ಕಡಲೆಕಾಯಿ ಕಿತ್ತು ಎಣ್ಣೆ ಮಿಲ್ಲಿಗೆ ಬೀಳುವವರೆಗೆ ಮುಂದಿನ ಲೋಡು ಬರುವುದಿಲ್ಲ ಎಂದೆ. ಅಲ್ಲಿಯವರೆಗೆ ಹತ್ತಿಕಾಳಿನ ಹಿಂಡಿ ಹಾಕು ಎಂದೆ. ಬೆಳ್ಳಿ ಅದನ್ನು ಮೂಸಿ ಮುಖ ತಿರುಗಿಸುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೂ ಅಂಗಡಿಯವನು ಏನಾದರೂ ಹೇಳಬೇಕಲ್ಲ.

ಮಾರಕ್ಕ ಕೂಗಾಡಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಬೆಳ್ಳಿ ತುಂಬು ಗಬ್ಬ, ಕರು ಹಾಕುವುದಕ್ಕೆ ತಿಂಗಳೂ ಇಲ್ಲ. ಈ ಸಲ ಹಸು ಬಡವಾದರೆ ಮಾರಿಬಿಡುವುದು, ಅಲ್ಲಿ ಎರಡು ಕಾರು ನಿಲ್ಲುತ್ತವೆ ಎಂದು ಮಗ ಮುರಳಿ ಷರತ್ತು ಹಾಕಿದ್ದ. ಒಂದು ದುರ್ಬಲ ಗಳಿಗೆಯಲ್ಲಿ ಇವಳೂ ಹೂಂ ಅಂದುಬಿಟ್ಟಿದ್ದಳು. ಉಳಿದ ಎಂಟು ಹಸು ನಲ್ಲಪ್ಪನವು. ಅವನ ಹತ್ತಿರ ಕೇಳೋಣವೆಂದರೆ, ಒಂದು ಕಾಂಪೌಂಡ್ ಗೋಡೆಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

"ಯಾರೋ ಗುಟ್ಟಾಗಿ ದೊಡ್ ಕೊಟ್ಟಿಗೆ ಮಾಡವ್ರೆ," ಎಂದಳು ಕೊನೆಗೆ. "ಇಪ್ಪತ್ತಾದ್ರೂ ಅಸ ಇಲ್ದೆ ಅಷ್ಟು ಇಂಡಿ ಕರಗಲ್ಲ. ಯಾರ್ ತಗಂಡೋಗ್ತಾವ್ರೆ ಏಳು."

ನನಗೆ ಗೊತ್ತಿದ್ದರೆ ತಾನೇ? ಈಚೆಗೆ ಯಾರೋ ಮೇಡಂ ಫೋನ್ ಮಾಡುತ್ತಾರೆ, ದುಡ್ಡು ಮೊಬೈಲಿಗೆ ಬರುತ್ತದೆ, ಲಗೇಜ್ ಆಟೋದ ಮಲ್ಲಿಕ್ ಮೂಟೆ ಏರಿಸಿಕೊಂಡು ಹೋಗುತ್ತಾನೆ. ಹಿಂಡಿ ಕೊಳ್ಳುವವರ ಮನೆಯಲ್ಲಿ ಹಸು ಇರುತ್ತದೆ, ಅದನ್ನೂ ಕೇಳಬೇಕೇ? ಮಲ್ಲಿಕ್ ಕೂಡ ನನ್ನ ಹಾಗೇ. "ಅಪಾರ್ಟ್‌ಮೆಂಟ್ ಗೇಟಲ್ಲಿ ಇಳಿಸ್ತೀನಿ ಅಣ್ಣ. ಹಿಂದ್ಗಡೆ ಎಲ್ಲೋ ಕೊಟ್ಟಿಗೆ ಇರ್ಬೇಕು," ಎಂದ.

ಮಾರಕ್ಕ ಆಟೋದಲ್ಲಿ ಮಲ್ಲಿಕ್‌ನ ಪಕ್ಕ ಕೂತಳು. ನಾನು ಹಿಂದೆ, ಮೂಟೆ ಕೂರುವ ಕಡೆ. ಆ ಕೊಟ್ಟಿಗೆಯವರನ್ನು ಏನೇನು ಬೈಯಬೇಕೆಂದು ಅವಳು ದಾರಿಯುದ್ದಕ್ಕೂ ಮಲ್ಲಿಕ್‌ನ ಮೇಲೆ ಅಭ್ಯಾಸ ಮಾಡಿದಳು. ಪಾಪ, ಅವನು ಸಿಗ್ನಲ್‌ನಲ್ಲೂ ಅವಳ ಕಡೆ ತಿರುಗಲಿಲ್ಲ.

ಗೇಟಿನ ಸೆಕ್ಯೂರಿಟಿಯವನು ಹಿಂಡಿ ಅಂಗಡಿಯವರು ಬಂದಿದ್ದಾರೆಂದು ಫೋನ್ ಮಾಡಿ ವಿಚಾರಿಸಿ, ಹನ್ನೊಂದನೇ ಮಹಡಿಗೆ ಹೋಗಿ ಎಂದ. ಲಿಫ್ಟಿನೊಳಗೆ ಮಾರಕ್ಕ ಎರಡೂ ಕೈ ಚಾಚಿ ಅಗಲ ನೋಡಿದಳು. "ಕರು ಆದ್ರೆ ಇಡಿಸ್ತದೆ. ಚಿಕ್ಕದ್ರಲ್ಲೇ ತಂದು ಮೇಲೆ ಬೆಳೆಸವ್ರೆ," ಎಂದು ತೀರ್ಮಾನ ಕೊಟ್ಟಳು. ನನಗೂ ಅದು ಸರಿಯೆನಿಸಿತು. ಲಿಫ್ಟಿನ ಬಾಗಿಲು ತೆರೆಯುತ್ತಲೇ ನೆನೆಹಾಕಿದ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಮಾರಕ್ಕ ಸೆರಗು ಬಿಗಿದಳು.

ಬಾಗಿಲು ತೆರೆದವರು ಶ್ಯಾಮಲಾ ಎನ್ನುವ ಮೇಡಂ. ಒಳಗೆ ಕೂರಿಸಿ ನೀರು ಕೊಟ್ಟು, ಬೈಗುಳ ಶುರುವಾಗುವ ಮೊದಲೇ ನಗುತ್ತಾ ಬಾಲ್ಕನಿ ತೋರಿಸಿದರು. ಅಲ್ಲಿ ಹಸು ಇರಲಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಗುಲಾಬಿ ಕುಂಡಗಳು, ಒಂದು ಬಕೆಟ್ ತುಂಬ ಹಿಂಡಿ ನೀರು.

"ಕಡ್ಲೆಕಾಯ್ ಹಿಂಡಿ ಕೊಳೆಸಿ, ತೆಳು ಮಾಡಿ ಗಿಡಕ್ಕೆ ಗೊಬ್ಬರ ಹಾಕ್ತೀವಿ. ಎಷ್ಟು ಚೆನ್ನಾಗ್ ಬಂದಿದೆ ನೋಡಿ. ನಮ್ ಗಾರ್ಡನ್ ಗ್ರೂಪಲ್ಲಿ ಐವತ್ ಮನೆ ಇದೆ, ಎಲ್ರಿಗೂ ಸೇರ್ಸಿ ನಾನೇ ತರಿಸ್ತೀನಿ," ಎಂದರು.

ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಮಾರಕ್ಕ ಮಾತ್ರ ಕುಂಡಗಳ ಹಿಂದೆ ಬಗ್ಗಿ ನೋಡಿದಳು. ಅಡುಗೆಮನೆಗೂ ಇಣುಕಿದಳು.

"ಅಸ ಇಲ್ವಾ?"

"ಹಸುನಾ? ಇಲ್ಲಮ್ಮ."

"ಒಂದೂ ಇಲ್ವಾ?"

ಅವಳ ಮುಖ ಸಪ್ಪಗಾಯಿತು. ಸೋಫಾದ ತುದಿಯಲ್ಲಿ ಕೂತಳು. "ಬೈಯೋಕೇ ಬಂದಿದ್ದೆ ಮೇಡಂ. ಆದ್ರೂ ಬರೋವಾಗ ಒಳಗೊಳಗೇ ಕುಸಿ ಆಗ್ತಿತ್ತು. ನಂಗೆ ಜತೆಗೆ ಇನ್ನೊಂದು ಕೊಟ್ಟಿಗೆ ಐತಲ್ಲ ಅಂತ. ಮುಂಚೆ ಇಂಡಿ ಮುಗುದ್ರೆ ಪಕ್ಕದ್ ಮನೇಲಿ ಕೈಬದಲು ಇಸ್ಕತಿದ್ವಿ, ಲೋಡ್ ಬಂದ್ಮೇಲೆ ಕೊಡ್ತಿದ್ವಿ. ಅವ್ರೂ ಅಂಗೇ ಬರೋರು. ಈಗ ಯಾರೂ ಬರಲ್ಲ." ಆಮೇಲೆ ಬೆಳ್ಳಿಯ ವಿಷಯ, ಮುರಳಿಯ ಷರತ್ತು, ಎಲ್ಲವನ್ನೂ ಹೇಳಿಕೊಂಡಳು. ಅವಳು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಶ್ಯಾಮಲಾ ಮೇಡಂ ಎದ್ದು ಹೋಗಿ ವಾಷಿಂಗ್ ಮೆಷಿನ್ ಪಕ್ಕದಲ್ಲಿದ್ದ ಎರಡು ಮೂಟೆ ತೋರಿಸಿದರು. "ಎರಡೂ ತಗೊಂಡ್ ಹೋಗಿ."

"ಒಂದು ಸಾಕು, ಅದೂ ಕೈಬದಲು," ಎಂದಳು ಮಾರಕ್ಕ. "ನಿಮ್ ಗಿಡಾನೂ ಮೊಗ್ಗು ಒತ್ಕಂಡು ನಿಂತವೆ. ಅವುನ್ನ ಉಪವಾಸ ಕೆಡವಬಾರ್ದು."

ಆ ಮೂಟೆ ಬೆಳ್ಳಿಯನ್ನು ಕರು ಹಾಕುವವರೆಗೆ ದಾಟಿಸಿತು. ಹೆಣ್ಣು ಕರು ಹುಟ್ಟಿತು. ಮುರಳಿ ಕರೆಸಿದ್ದ ದನದ ದಲ್ಲಾಳಿ ಬಂದು, ಹಸುವಿನ ತುಂಬಿದ ಮೈ ನೋಡಿ, ಮುರಳಿಯ ಮುಖ ನೋಡಿ, ಕಾಫಿ ಕುಡಿದು ಹೋದ. ನನಗೂ ಲೋಡು ಬಂತು. ಈ ಸಲ ನಾನು ಒಂಬತ್ತು ಹಸುಗಳ ಜೊತೆಗೆ ಐವತ್ತು ಮನೆಗಳ ಗುಲಾಬಿಗೂ ಸೇರಿಸಿ ತರಿಸಿದ್ದೆ.

ಮಾರಕ್ಕ ಅದೇ ದಿನ ಒಂದು ಮೂಟೆ, ಒಂದು ಡಬ್ಬಿ ಗಿಣ್ಣು ಹಿಡಿಸಿಕೊಂಡು ಹೊರಟಳು. ಹೊತ್ತವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ. ಮೂಟೆ ನೋಡಿ ಶ್ಯಾಮಲಾ ಮೇಡಂ, "ಅಯ್ಯೋ, ವಾಪಸ್ ಯಾಕಮ್ಮ? ಇಟ್ಕೊಳ್ಳಿ, ಕರುಗೆ ನನ್ ಗಿಫ್ಟು," ಎಂದರು.

ಮಾರಕ್ಕನಿಗೆ ನಿಜವಾಗಿಯೂ ಸಿಟ್ಟು ಬಂತು. ಮೇಡಂ ಎನ್ನುವುದನ್ನೂ ಮರೆತಳು. "ನೀನು ವಾಪಸ್ ಇಸ್ಕಂಡಿಲ್ಲ ಅಂದ್ರೆ, ನಾಳೆ ನಿಂಗೆ ಇಂಡಿ ಮುಗುದ್ರೆ ನಮ್ಮನೆ ಬಾಗ್ಲಿಗೆ ಎಂಗೆ ಬತ್ತೀಯವ್ವಾ?"

ಶ್ಯಾಮಲಾ ಮೇಡಂ ಬಗ್ಗಿ ಮೂಟೆಯನ್ನು ಒಳಗೆಳೆದುಕೊಂಡರು. "ಸರಿ. ಮುಗಿದ ದಿನಾನೇ ಬರ್ತೀನಿ."

"ಬಾ, ಕೊಡ್ತೀನಿ," ಎಂದಳು ಮಾರಕ್ಕ. ಲಿಫ್ಟ್ ಕೆಳಗೆ ತಲುಪುವವರೆಗೂ ಅವಳ ಮುಖದ ನಗು ಹಾಗೇ ಇತ್ತು.